ರಸೀದಿ ಇದ್ದವರಿಗೆ ಮಾತ್ರ ವೋಟು: ನಮ್ಮ ಕೋಲಾರದ ಹಳೇ ರೂಲ್

1/9
"ಟ್ಯಾಕ್ಸ್ ಕಟ್ಟೋರಿಗೆ ಮಾತ್ರ ವೋಟ್ ಕೊಡ್ಬೇಕು."

ಚುನಾವಣೆ ಹತ್ರ ಬಂದಾಗೆಲ್ಲಾ ಈ ಮಾತು ಯಾವುದಾದ್ರೂ ರೀಲ್ಸ್ ಕೆಳಗೆ ಇದ್ದೇ ಇರುತ್ತೆ. ಲೈಕ್ಸ್ ಕೂಡ ಚೆನ್ನಾಗಿ ಬೀಳುತ್ತೆ. ನಮ್ಮ ಕ್ಲಾಸಲ್ಲೂ ಇದನ್ನ ನಂಬೋರಿದ್ದಾರೆ. ಅದಕ್ಕೇ ಈ ವಾರದ ಸರಣಿ ಇದರ ಮೇಲೆ.

ಕೇಳೋಕೆ ನ್ಯಾಯ ಅನ್ನಿಸುತ್ತೆ, ಒಪ್ತೀನಿ. ದುಡ್ಡು ಹಾಕಿದವನು ಲೆಕ್ಕ ಕೇಳ್ತಾನೆ, ಹಾಕದವನು ಯಾಕೆ ಕೇಳ್ಬೇಕು? ಬಿಕಾಂ ಓದೋರಿಗಂತೂ ಇದು ಷೇರುದಾರರ ಸಭೆ ಥರಾನೇ ಕಾಣುತ್ತೆ. ಎಷ್ಟು ಷೇರೋ ಅಷ್ಟು ವೋಟು.

ಆದ್ರೆ ಇದು ಯಾರೋ ಈಗ ಕಂಡುಹಿಡಿದ ಹೊಸ ಐಡಿಯಾ ಅಲ್ಲ. ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಹತ್ತಿರ ಹತ್ತಿರ 60 ವರ್ಷ ಬೇರೆ ಬೇರೆ ರೂಪದಲ್ಲಿ ಇದೇ ರೂಲ್ ನಡೆದಿದೆ. ಅಂದ್ರೆ ಈ ಪ್ರಯೋಗ ಆಗಿಹೋಗಿದೆ, ಫಲಿತಾಂಶಾನೂ ಬಂದಿದೆ. ವಾದ ಮಾಡೋ ಮೊದಲು ಅದನ್ನ ಒಂದ್ಸಲ ನೋಡೋಣ.

ಸ್ವೈಪ್ ಮಾಡಿ 👉

2/9
ಮೊದಲು ಆಗಿನ ಪರಿಸ್ಥಿತಿ ಹೇಗಿತ್ತು ಅಂತ.

1876ರಿಂದ 78ರವರೆಗಿನ ಭೀಕರ ಬರದಲ್ಲಿ ಮೈಸೂರು ಸಂಸ್ಥಾನ ನಲುಗಿಹೋಗಿತ್ತು. 1871ರ ಜನಗಣತಿಯಲ್ಲಿ 50 ಲಕ್ಷದ ಮೇಲಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕಮ್ಮಿಗೆ ಇಳಿದಿತ್ತು. ಅದೇ 1881ರ ಮಾರ್ಚ್ 25ರಂದು ಬ್ರಿಟಿಷರು 50 ವರ್ಷ ತಾವೇ ಆಳಿದ ರಾಜ್ಯವನ್ನ ಚಾಮರಾಜೇಂದ್ರ ಒಡೆಯರ್ ಅವರಿಗೆ ವಾಪಸ್ ಕೊಟ್ಟರು. ದಿವಾನರು ಸಿ. ರಂಗಾಚಾರ್ಲು.

ರಂಗಾಚಾರ್ಲು ಆಗ ಒಂದು ದೊಡ್ಡ ಕೆಲಸ ಮಾಡಿದರು. 1881ರ ಅಕ್ಟೋಬರ್ 7ರಂದು ಮೈಸೂರಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. 144 ಜನ ಸದಸ್ಯರು. ದೇಶೀ ಸಂಸ್ಥಾನಗಳಲ್ಲಿ ಇಂಥದ್ದು ಇದೇ ಮೊದಲು. ತಾಲ್ಲೂಕಿಗೆ ಒಬ್ಬಿಬ್ಬರು ಜಮೀನಿರೋ ರೈತರು, ಜಿಲ್ಲೆಗೆ ಮೂರ್ನಾಲ್ಕು ಜನ ವ್ಯಾಪಾರಿಗಳು. ದಿವಾನರು ವರ್ಷದ ಲೆಕ್ಕ ಓದ್ತಿದ್ರು, ಸದಸ್ಯರು ತಮ್ಮ ಊರಿನ ಕಷ್ಟ ಹೇಳ್ಕೊಳ್ತಿದ್ರು. ಕಾನೂನು ಮಾಡೋ ಅಧಿಕಾರ ಇರಲಿಲ್ಲ.

ಶುರುವಲ್ಲಿ ಚುನಾವಣೆ ಇರಲಿಲ್ಲ, ಸದಸ್ಯರನ್ನ ಆರಿಸಿ ಕಳಿಸ್ತಿದ್ರು. ಆಮೇಲೆ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರ ಹೊತ್ತಿಗೆ, ವೋಟ್ ಹಾಕಿ ಆರಿಸೋ ಪದ್ಧತಿ ಬಂತು. ಇಡೀ ಭಾರತದಲ್ಲಿ ಅದೂ ದೊಡ್ಡ ಹೆಜ್ಜೆಯೇ. ಮೈಸೂರನ್ನ ಮಾದರಿ ಸಂಸ್ಥಾನ ಅಂತ ಕರೆದಿದ್ದು ಸುಮ್ಮನೆ ಅಲ್ಲ.

ಆದ್ರೆ ವೋಟ್ ಯಾರಿಗೆ ಸಿಕ್ತು?

3/9
ವೋಟ್ ಹಾಕೋಕೆ ಬೇಕಿದ್ದ ಅರ್ಹತೆ ಹೀಗಿತ್ತು. ಇದರಲ್ಲಿ ಒಂದು ಇದ್ರೆ ಸಾಕು:

📌 ವರ್ಷಕ್ಕೆ 100ರಿಂದ 300 ರೂಪಾಯಿ ಭೂಕಂದಾಯ ಕಟ್ಟಬೇಕು. ಮೊತ್ತ ತಾಲ್ಲೂಕಿಂದ ತಾಲ್ಲೂಕಿಗೆ ಬೇರೆ.
📌 ಇಲ್ಲಾಂದ್ರೆ 13ರಿಂದ 17 ರೂಪಾಯಿ ಮೊಹತರ್ಫಾ ಕಟ್ಟಬೇಕು. ಮೊಹತರ್ಫಾ ಅಂದ್ರೆ ಮನೆ, ಅಂಗಡಿ, ಮಗ್ಗ, ಗಾಣದ ಮೇಲಿನ ತೆರಿಗೆ.
📌 ಇಲ್ಲಾಂದ್ರೆ ಇನಾಂ ಹಳ್ಳಿಯ ಒಡೆಯರಾಗಿರಬೇಕು.
📌 ಇಲ್ಲಾಂದ್ರೆ ಪದವೀಧರರಾಗಿರಬೇಕು.

100 ರೂಪಾಯಿ ಅಷ್ಟೇನಾ ಅನ್ನಬೇಡಿ. ಇದು 1891ರ 100 ರೂಪಾಯಿ. ಒಂದು ಉದಾಹರಣೆ ಲೆಕ್ಕ ಹಾಕೋಣ. ಮಳೆ ನಂಬಿಕೊಂಡು ರಾಗಿ ಬೆಳೆಯೋ ಖುಷ್ಕಿ ಜಮೀನಿಗೆ ಎಕರೆಗೆ ಒಂದು ರೂಪಾಯಿ ಕಂದಾಯ ಅಂತ ಇಟ್ಕೊಳ್ಳಿ. 100 ರೂಪಾಯಿ ಮುಟ್ಟೋಕೆ 100 ಎಕರೆ ಬೇಕು. ಎರಡು ರೂಪಾಯಿ ಅಂತ ಇಟ್ಕೊಂಡ್ರೂ 50 ಎಕರೆ. ನಮ್ಮ ಕಡೆ ನದಿ ನೀರಾವರಿ ಇಲ್ಲ, ಕೆರೆಯೇ ಆಧಾರ. ಈಗ ನಿಮ್ಮ ಊರಲ್ಲಿ 50 ಎಕರೆ ಇರೋ ಮನೆ ಎಷ್ಟಿದೆ, ಬೆರಳು ಮಡಚಿ ಎಣಿಸಿ.

ಮಗ್ಗ ಇದ್ದವನೂ ತೆರಿಗೆ ಕಟ್ತಿದ್ದ. ಗಾಣ ಇದ್ದವನೂ ಕಟ್ತಿದ್ದ. ಐದು ಎಕರೆ ರಾಗಿ ರೈತನೂ ಕಟ್ತಿದ್ದ. ಬಿಡೋ ಹಾಗೇ ಇರಲಿಲ್ಲ, ಶಾನುಭೋಗರ ಪುಸ್ತಕದಲ್ಲಿ ಹೆಸರಿರ್ತಿತ್ತು. ಆದ್ರೆ ಗೆರೆ ಮುಟ್ಟದಿದ್ರೆ ವೋಟಿಲ್ಲ.

ಅಂದ್ರೆ ಇಲ್ಲಿ "ತೆರಿಗೆ ಕಟ್ಟಿದವರಿಗೆ ವೋಟು" ಅನ್ನೋದು ಪೂರ್ತಿ ನಿಜ ಅಲ್ಲ. "ತುಂಬಾ ತೆರಿಗೆ ಕಟ್ಟಿದವರಿಗೆ ವೋಟು" ಅನ್ನೋದೇ ನಿಜ.

4/9
ಈಗ ನಮ್ಮ ಜಿಲ್ಲೆಯದ್ದೇ ಒಂದು ವಿಚಾರ. ಕೆಜಿಎಫ್.

1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ದೊಡ್ಡ ಮಟ್ಟದಲ್ಲಿ ಚಿನ್ನ ತೆಗೆಸ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟ್ ಬಂತು, ಬೆಂಗಳೂರಿಗಿಂತ ಮೊದಲೇ. ಆ ಚಿನ್ನದ ಮೇಲೆ ಸಂಸ್ಥಾನಕ್ಕೆ ರಾಯಧನ ಹೋಗ್ತಿತ್ತು. ಸರ್ಕಾರದ ಬೊಕ್ಕಸಕ್ಕೆ ಅದು ಸಣ್ಣ ದುಡ್ಡಲ್ಲ.

ಆ ಚಿನ್ನಾನ ನೆಲದಡಿಯಿಂದ ಮೇಲೆ ತಂದವರು ಯಾರು? ಸಾವಿರಾರು ಕಾರ್ಮಿಕರು. ಬಹಳಷ್ಟು ಜನ ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತ ಕುಟುಂಬದವರು. ಇದ್ದಿದ್ದು ಕಂಪನಿ ಲೈನ್ ಮನೆಗಳಲ್ಲಿ. ಮನೆ ಕಂಪನಿಯದ್ದು, ಜಾಗ ಕಂಪನಿಯದ್ದು, ರಾಯಧನದ ರಸೀದಿ ಕಂಪನಿ ಹೆಸರಲ್ಲಿ.

ಮೇಲಿನ ಪಟ್ಟಿ ಇನ್ನೊಂದ್ಸಲ ನೋಡಿ. 100 ರೂಪಾಯಿ ಕಂದಾಯ? ಜಮೀನೇ ಇಲ್ಲ. ಮೊಹತರ್ಫಾ? ಸ್ವಂತ ಮನೆ, ಅಂಗಡಿ ಇಲ್ಲ. ಇನಾಂ? ಕೇಳಲೇಬೇಡಿ. ಪದವಿ? ಅದೂ ಕೇಳಬೇಡಿ.

ಬೆವರು ಇವರದ್ದು, ರಸೀದಿ ಬೇರೆಯವರದ್ದು. ರೂಲ್ ಎಣಿಸಿದ್ದು ರಸೀದಿಯನ್ನ ಮಾತ್ರ.

ಹಳ್ಳಿಯಲ್ಲೂ ಕಥೆ ಇದೇ. ವಾರಕ್ಕೆ, ಗುತ್ತಿಗೆಗೆ ಹೊಲ ಮಾಡೋನು ಬೆಳೆಯಲ್ಲಿ ಪಾಲು ಒಡೆಯನಿಗೆ ಅಳೀತಿದ್ದ. ಒಡೆಯ ಅದರಲ್ಲೇ ಕಂದಾಯ ಕಟ್ತಿದ್ದ. ದುಡ್ಡು ಹುಟ್ಟಿದ್ದು ಗುತ್ತಿಗೆದಾರನ ಕೈಯಲ್ಲಿ, ವೋಟ್ ಹುಟ್ಟಿದ್ದು ಖಾತೆದಾರನ ಹೆಸರಲ್ಲಿ.

5/9
ಇಲ್ಲಿ ಸ್ವಲ್ಪ ನಮ್ಮ ಟ್ಯಾಕ್ಸೇಷನ್ ಪೇಪರ್ ನೆನಪು ಮಾಡ್ಕೊಳ್ಳಿ. ಪ್ರತ್ಯಕ್ಷ ತೆರಿಗೆ, ಪರೋಕ್ಷ ತೆರಿಗೆ.

ಪ್ರತ್ಯಕ್ಷ ತೆರಿಗೆಗೆ ನಮ್ಮ ಹೆಸರಲ್ಲಿ ರಸೀದಿ ಸಿಗುತ್ತೆ. ಪರೋಕ್ಷ ತೆರಿಗೆ ಬೆಲೆಯೊಳಗೇ ಕೂತಿರುತ್ತೆ, ಕಟ್ಟಿದ್ದು ಕಟ್ಟಿದವನಿಗೇ ಗೊತ್ತಾಗಲ್ಲ.

ಆಗಲೂ ಹಾಗೇ. ಉಪ್ಪಿನ ಮೇಲೆ ಬ್ರಿಟಿಷ್ ಸರ್ಕಾರದ ತೆರಿಗೆ ಇತ್ತು. ಉಪ್ಪು ತಿನ್ನದ ಮನೆ ಇದೆಯಾ? ಹೆಂಡ, ಸಾರಾಯಿ ಮೇಲಿನ ಅಬಕಾರಿ ಮೈಸೂರು ಸಂಸ್ಥಾನದ ದೊಡ್ಡ ಆದಾಯಗಳಲ್ಲಿ ಒಂದು. ಅದನ್ನ ಹೆಚ್ಚಾಗಿ ತುಂಬಿದ್ದು ಕೂಲಿಯವರ ಜೇಬು. ಇಷ್ಟೆಲ್ಲಾ ಕೊಟ್ಟರೂ ಮತದಾರರ ಪಟ್ಟಿ ಮಾಡುವಾಗ ಇದ್ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಈಗ ಈ ಕಾಲಕ್ಕೆ ಬನ್ನಿ. "ಟ್ಯಾಕ್ಸ್ ಕಟ್ಟೋರಿಗೆ ಮಾತ್ರ" ಅಂದ್ರೆ ಯಾವ ಟ್ಯಾಕ್ಸು?

ಆದಾಯ ತೆರಿಗೆ ಅಂತೀರಾ? ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಹಾಗಾದ್ರೆ ಶ್ರೀನಿವಾಸಪುರದಲ್ಲಿ 50 ಎಕರೆ ಮಾವಿನ ತೋಪು ಇರೋ ಗೌಡರಿಗೆ ವೋಟಿಲ್ಲ. ಕೋಲಾರ ಎಪಿಎಂಸಿಗೆ ಲೋಡುಗಟ್ಟಲೆ ಟೊಮೆಟೊ ತರೋ ರೈತನಿಗೆ ವೋಟಿಲ್ಲ. ಮಾಲೂರಿನ ಇಟ್ಟಿಗೆ ಗೂಡಲ್ಲಿ ದುಡಿಯೋರಿಗೆ, ಡೇರಿಗೆ ಹಾಲು ಹಾಕೋ ಅಕ್ಕಂದಿರಿಗೆ, ನರಸಾಪುರದ ಫ್ಯಾಕ್ಟರಿಗೆ ಬಸ್ ಹತ್ತೋ ನಮ್ಮ ಸೀನಿಯರ್ಸಲ್ಲಿ ಎಷ್ಟೋ ಜನಕ್ಕೆ ವೋಟಿಲ್ಲ. ನಮ್ಮ ಮನೇಲಿ ನಾಲ್ಕು ವೋಟಿದೆ. ಈ ರೂಲ್ ಬಂದ್ರೆ ಒಂದೂ ಉಳಿಯಲ್ಲ.

ಜಿಎಸ್‌ಟಿ ಅಂತೀರಾ? ಸೋಪು, ಬಿಸ್ಕತ್ತು, ರೀಚಾರ್ಜ್ ತಗೊಳ್ಳೋರೆಲ್ಲಾ ಕಟ್ತಾರೆ. ಹಾಗಾದ್ರೆ ಎಲ್ಲರಿಗೂ ವೋಟ್ ಬಂತು. ರೂಲೇ ಬೇಕಾಗಿಲ್ಲ.

1891ರಲ್ಲಿ ಎಣಿಸಿದ್ದು ಭೂಕಂದಾಯ, ಗೆದ್ದಿದ್ದು ದೊಡ್ಡ ಜಮೀನ್ದಾರ. ಇವತ್ತು ಆದಾಯ ತೆರಿಗೆ ಎಣಿಸಿದ್ರೆ ಅದೇ ಜಮೀನ್ದಾರ ಹೊರಗೆ. ಯಾವ ತೆರಿಗೆ ಎಣಿಸಬೇಕು ಅಂತ ತೀರ್ಮಾನ ಮಾಡೋನೇ ಯಾರು ಒಳಗೆ, ಯಾರು ಹೊರಗೆ ಅಂತಾನೂ ತೀರ್ಮಾನ ಮಾಡಿಬಿಡ್ತಾನೆ.

6/9
ಬೇಕು ಅಂತಾನೇ ಜನರನ್ನ ಹೊರಗಿಡೋಕೆ ತೆರಿಗೆ ಬಳಸಿದ ಜಾಗ ಒಂದಿದೆ. ಅಮೆರಿಕದ ದಕ್ಷಿಣ ರಾಜ್ಯಗಳು.

1870ರಲ್ಲಿ ಅಮೆರಿಕದ ಸಂವಿಧಾನದ 15ನೇ ತಿದ್ದುಪಡಿ ಬಂತು. ಬಣ್ಣ, ಜನಾಂಗದ ಕಾರಣಕ್ಕೆ ಯಾರ ವೋಟನ್ನೂ ತಡೆಯೋ ಹಾಗಿಲ್ಲ. ಕರಿಯರು ವೋಟ್ ಹಾಕಿದರು, ಗೆದ್ದರು ಕೂಡ. ಇದನ್ನ ಸಹಿಸದ ಬಿಳಿಯ ನಾಯಕರು ಬೇರೆ ದಾರಿ ಹುಡುಕಿದರು. ಕಾನೂನಲ್ಲಿ "ಕರಿಯ" ಅನ್ನೋ ಪದ ಬರಬಾರದು, ಆದ್ರೆ ಕರಿಯರು ಹೊರಗೆ ಹೋಗಬೇಕು.

ಸಿಕ್ಕಿದ್ದು ತಲೆಗಂದಾಯ. ಆಸ್ತಿ ನೋಡಲ್ಲ, ಆದಾಯ ನೋಡಲ್ಲ, ತಲೆಗೆ ಇಷ್ಟು ಅಂತ. 1890ರಲ್ಲಿ ಮಿಸಿಸಿಪ್ಪಿ ತನ್ನ ಸಂವಿಧಾನದಲ್ಲೇ ಬರೆಯಿತು: ವರ್ಷಕ್ಕೆ 2 ಡಾಲರ್, ಚುನಾವಣೆಗೆ ತಿಂಗಳುಗಟ್ಟಲೆ ಮೊದಲೇ ಕಟ್ಟಿರಬೇಕು, ಹಿಂದಿನ ಎರಡು ವರ್ಷದ್ದೂ ಕಟ್ಟಿರಬೇಕು. ಅಲಬಾಮಾ 1901ರಲ್ಲಿ ಇನ್ನೂ ಮುಂದೆ ಹೋಯ್ತು. ವರ್ಷಕ್ಕೆ ಒಂದೂವರೆ ಡಾಲರ್, ಕಟ್ಟದಿದ್ರೆ ಬಾಕಿ ಬೆಳೀತಾ ಹೋಗುತ್ತೆ, 36 ಡಾಲರ್‌ವರೆಗೆ. ವಾರದ ಹತ್ತಿ ಹೊಲದಲ್ಲಿ ವರ್ಷವೆಲ್ಲಾ ಸಾಲದಲ್ಲೇ ಬದುಕೋನಿಗೆ 36 ಡಾಲರ್ ಎಲ್ಲಿಂದ ಬರಬೇಕು?

ಎಲ್ಲಕ್ಕಿಂತ ವಿಚಿತ್ರ ಇದು: ಮಿಸಿಸಿಪ್ಪಿಯಲ್ಲಿ ಈ ತೆರಿಗೆ ಕಟ್ಟದವರ ಮೇಲೆ ಕೇಸ್ ಹಾಕೋ ಹಾಗಿರಲಿಲ್ಲ. ಕಟ್ಟದಿದ್ರೆ ಸರ್ಕಾರಕ್ಕೆ ಬೇಜಾರೇ ಇಲ್ಲ, ಖುಷಿ. ತೆರಿಗೆ ಇಲಾಖೆ ನೀವು ಕಟ್ಟದೆ ಇರಲಿ ಅಂತ ಕಾಯೋದನ್ನ ಯಾವ ಪುಸ್ತಕದಲ್ಲಾದ್ರೂ ಓದಿದ್ದೀರಾ? ದುಡ್ಡು ಬೇಕಿದ್ದಕ್ಕೆ ಹಾಕಿದ ತೆರಿಗೆ ಅಲ್ಲ ಅಂತ ಅಲ್ಲೇ ಗೊತ್ತಾಗುತ್ತೆ.

ಅಲ್ಲಿ ಕಟ್ಟದವನಿಗೆ ವೋಟಿಲ್ಲ. ನಮ್ಮಲ್ಲಿ ಕಟ್ಟಿದರೂ ಸಾಲದವನಿಗೆ ವೋಟಿಲ್ಲ. ಉದ್ದೇಶ ಬೇರೆ ಬೇರೆ, ಒಪ್ಪೋಣ. ಮೈಸೂರಿನ ದಿವಾನರು ಇಲ್ಲದಿದ್ದ ಬಾಗಿಲನ್ನ ಸ್ವಲ್ಪ ತೆರೆದರು, ಮಿಸಿಸಿಪ್ಪಿಯವರು ತೆರೆದಿದ್ದ ಬಾಗಿಲನ್ನ ಮುಚ್ಚಿದರು. ಆದ್ರೆ ಬಾಗಿಲ ಹೊರಗೆ ನಿಂತವರನ್ನ ನೋಡಿದ್ರೆ ಎರಡೂ ಕಡೆ ಅದೇ ಜನ: ಜಮೀನಿಲ್ಲದ ದುಡಿಯೋರು.

"ಬಡವರು ದುಡ್ಡಿಗೆ ವೋಟ್ ಮಾರ್ಕೋತಾರೆ, ಅದಕ್ಕೇ ಟ್ಯಾಕ್ಸ್ ರೂಲ್ ಬೇಕು" ಅನ್ನೋರಿಗೂ ಅಲ್ಲೇ ಉತ್ತರ ಇದೆ. ತಲೆಗಂದಾಯ ಇದ್ದ ರಾಜ್ಯಗಳಲ್ಲಿ ರಾಜಕಾರಣಿಗಳೇ ಜನರ ತೆರಿಗೆ ಒಟ್ಟಿಗೆ ಕಟ್ಟಿ, ರಸೀದಿ ಕೈಲಿಟ್ಕೊಂಡು ವೋಟ್ ಹಾಕಿಸ್ತಿದ್ರು. ವೋಟ್ ಮಾರಾಟ ನಿಲ್ಲಲಿಲ್ಲ. ಚಿಲ್ಲರೆ ಹೋಗಿ ಹೋಲ್‌ಸೇಲ್ ಆಯ್ತು.

7/9
ಹೆಣ್ಮಕ್ಕಳ ವಿಷಯ ಬೇರೆಯಾಗೇ ಹೇಳ್ಬೇಕು.

1923ರಲ್ಲಿ ಮೈಸೂರಲ್ಲಿ ದೊಡ್ಡ ಸುಧಾರಣೆ ಆಯ್ತು. ಪ್ರಜಾಪ್ರತಿನಿಧಿ ಸಭೆ 250ಕ್ಕೂ ಹೆಚ್ಚು ಸದಸ್ಯರಿಗೆ ಬೆಳೀತು, ನ್ಯಾಯವಿಧಾಯಕ ಸಭೆ 50 ಸದಸ್ಯರಿಗೆ ಬಂತು. ಹೆಂಗಸರು ವೋಟ್ ಹಾಕಬಾರದು ಅನ್ನೋ ಅಡ್ಡಿ ಹೋಯ್ತು. ಇಂಗ್ಲೆಂಡಲ್ಲೇ ಗಂಡಸರ ಸಮ ವೋಟು ಹೆಂಗಸರಿಗೆ ಸಿಕ್ಕಿದ್ದು 1928ರಲ್ಲಿ. ಹೆಮ್ಮೆ ಪಡೋ ವಿಷಯಾನೇ.

ಆದ್ರೆ ಆಸ್ತಿ, ತೆರಿಗೆಯ ಗೆರೆ ಹಾಗೇ ಇತ್ತು. ಗೆರೆ ಕೆಳಗೆ ಇಳಿದರೂ ಅಳಿಸಿಹೋಗಲಿಲ್ಲ. ಪಹಣಿ, ಖಾತೆ ಯಾರ ಹೆಸರಲ್ಲಿರ್ತಿತ್ತು? ಅಪ್ಪ, ಗಂಡ, ಅಣ್ಣ. ಹಿಂದೂ ಹೆಣ್ಮಕ್ಕಳಿಗೆ ಆಸ್ತಿ ಹಕ್ಕು ಕೊಡೋ ಕಾನೂನು ಮೈಸೂರಲ್ಲಿ ಬಂದಿದ್ದು 1933ರಲ್ಲಿ, ವೋಟ್ ಬಂದ 10 ವರ್ಷ ಆದಮೇಲೆ. ಕಾನೂನು "ನೀನು ಬರಬಹುದು" ಅಂತು, ಖಾತೆ "ನೀನು ಯಾರು?" ಅಂತು.

ಬ್ರಿಟಿಷ್ ಭಾರತದಲ್ಲಿ ಇನ್ನೊಂದು ಥರ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಮಂಗಳೂರು, ಕಾಸರಗೋಡು, ಬಳ್ಳಾರಿ, ನಮ್ಮ ಮುಳಬಾಗಿಲಿನ ಆಚೆ ಬದಿಯ ಪಲಮನೇರು, ಪುಂಗನೂರು, ಇಲ್ಲೆಲ್ಲಾ 1935ರ ಕಾಯ್ದೆ. ತೆರಿಗೆ ಕಟ್ಟೋ ಗಂಡನ ಹೆಂಡತಿ ಅಂತ ಒಂದಷ್ಟು ಹೆಂಗಸರಿಗೆ ವೋಟ್ ಕೊಟ್ಟರು. ಗಂಡನ ರಸೀದಿ ಮೇಲೆ ಹೆಂಡತಿ ವೋಟು! ಇಷ್ಟೆಲ್ಲಾ ಸೇರಿಸಿದ್ರೂ ಆ ಕಾಯ್ದೆಯಲ್ಲಿ ವೋಟ್ ಸಿಕ್ಕಿದ್ದು ಸುಮಾರು 3 ಕೋಟಿ ಜನಕ್ಕೆ, ಅಂದ್ರೆ ಐದು ಜನ ವಯಸ್ಕರಲ್ಲಿ ಒಬ್ಬರಿಗೆ.

8/9
ಇದು ಮುಗಿದಿದ್ದು ಹೇಗೆ?

1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ "ಮೈಸೂರು ಚಲೋ" ಚಳವಳಿ ನಡೀಬೇಕಾಯ್ತು. ಅದರ ಮುಂದಾಳು, ಆಮೇಲೆ ಅಕ್ಟೋಬರಲ್ಲಿ ಮೊದಲ ಮುಖ್ಯಮಂತ್ರಿ ಆದವರು ನಮ್ಮ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿ.

ಆ ಕಡೆ ದೆಹಲಿಯಲ್ಲಿ ಸಂವಿಧಾನ ಸಭೆ ಕೂತಿತ್ತು. ತಮಾಷೆ ನೋಡಿ, ಆ ಸಭೆಯ ಬಹುಪಾಲು ಸದಸ್ಯರನ್ನ ಆರಿಸಿದ ಶಾಸಕರು ಗೆದ್ದಿದ್ದೇ ತೆರಿಗೆ, ಆಸ್ತಿ, ಓದಿನ ಗೆರೆ ಇದ್ದ ಚುನಾವಣೆಯಲ್ಲಿ. ಆದರೂ ಅವರು ಆ ಗೆರೆಯನ್ನ ಅಳಿಸಿದರು. ಸಂವಿಧಾನದ 326ನೇ ವಿಧಿ: ವಯಸ್ಸಾಗಿದ್ರೆ ವೋಟು. ಜಮೀನು, ಜಾತಿ, ಓದು, ರಸೀದಿ ಯಾವುದೂ ಬೇಡ.

ಆಗ ದೇಶದಲ್ಲಿ ಓದು ಬರ್ತಿದ್ದವರು 100ಕ್ಕೆ ಸುಮಾರು 18 ಜನ. "ಇವರಿಗೆಲ್ಲಾ ವೋಟಾ?" ಅಂತ ಕೇಳಿದವರು ಆಗಲೂ ಇದ್ದರು. ಆದ್ರೂ ಮಂಗಳೂರು ಮೂಲದ ಬಿ.ಎನ್. ರಾವ್ ಸಂವಿಧಾನ ಸಲಹೆಗಾರರಾಗಿದ್ದ ಕಚೇರಿಯಲ್ಲೇ, ಸಂವಿಧಾನ ಮುಗಿಯೋ ಮೊದಲೇ, ಮತದಾರರ ಪಟ್ಟಿ ಕೆಲಸ ಶುರುವಾಯ್ತು. 1951-52ರ ಚುನಾವಣೆಗೆ ಪಟ್ಟಿಯಲ್ಲಿದ್ದವರು 17 ಕೋಟಿಗೂ ಹೆಚ್ಚು.

ಅದರಲ್ಲೂ ಒಂದು ನೋವಿನ ಲೆಕ್ಕ ಇದೆ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು. ಅವರು ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದ್ದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನ ಒಪ್ಪಲಿಲ್ಲ, ಹೆಸರು ಬೇಕೇ ಬೇಕು ಅಂದರು. ಕಠಿಣ ಅನ್ನಿಸಬಹುದು. ಆದ್ರೆ ವೋಟು ಗಂಡನದ್ದಲ್ಲ, ಖಾತೆಯದ್ದಲ್ಲ, ನಿನ್ನದು ಅಂತ ಸರ್ಕಾರ ಹೆಣ್ಮಕ್ಕಳಿಗೆ ಹೇಳಿದ್ದು ಅದೇ ಮೊದಲು.

ಅಮೆರಿಕ? ಕೇಂದ್ರದ ಚುನಾವಣೆಗಳಲ್ಲಿ ತಲೆಗಂದಾಯ ನಿಂತಿದ್ದು 1964ರಲ್ಲಿ, 24ನೇ ತಿದ್ದುಪಡಿಯಿಂದ. ರಾಜ್ಯದ ಚುನಾವಣೆಗಳಲ್ಲಿ 1966ರಲ್ಲಿ, ವರ್ಜೀನಿಯಾದ ಆನಿ ಹಾರ್ಪರ್ ಅನ್ನೋ ಬಡ ಕರಿಯ ಮಹಿಳೆ ಒಂದೂವರೆ ಡಾಲರ್ ತೆರಿಗೆ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಹೋಗಿ ಗೆದ್ದ ಮೇಲೆ. ಅಷ್ಟರಲ್ಲಿ ಮುಳಬಾಗಿಲಿನ ಕೂಲಿಯಮ್ಮ ರಸೀದಿ ತೋರಿಸದೆ ಮೂರು ಸಲ ಲೋಕಸಭೆಗೆ ವೋಟ್ ಹಾಕೋ ಅವಕಾಶ ಪಡೆದಾಗಿತ್ತು.

9/9
ಹಾಗಾದ್ರೆ ಹಳೇ ಗೆರೆ ಪೂರ್ತಿ ಹೋಯ್ತಾ? ಇಲ್ಲ.

1️⃣ 1891ರ ಪಟ್ಟಿಯಲ್ಲಿ "ಪದವೀಧರ" ಅಂತ ಇತ್ತಲ್ಲ? ಅದು ಇವತ್ತೂ ಇದೆ. ನಮ್ಮ ವಿಧಾನ ಪರಿಷತ್ತಿನ 75 ಸೀಟಲ್ಲಿ 7 ಪದವೀಧರ ಕ್ಷೇತ್ರ, 7 ಶಿಕ್ಷಕರ ಕ್ಷೇತ್ರ. ನಾವು ಬಿಕಾಂ ಮುಗಿಸಿ ಮೂರು ವರ್ಷ ಆದಮೇಲೆ ಅರ್ಜಿ ಹಾಕಿದ್ರೆ ನಮಗೆ ಇನ್ನೊಂದು ವೋಟು. ನಮ್ಮನ್ನ ಓದಿಸೋಕೆ ಓದು ಬಿಟ್ಟ ಅಕ್ಕನಿಗೆ ಆ ವೋಟಿಲ್ಲ. ಸರಿನಾ? ಯೋಚನೆ ಮಾಡಿ.

2️⃣ ಹರಿಯಾಣದಲ್ಲಿ 2015ರ ಕಾನೂನಿನ ಪ್ರಕಾರ ಪಂಚಾಯ್ತಿ ಚುನಾವಣೆಗೆ ನಿಲ್ಲೋಕೆ ಇಷ್ಟು ಓದಿರಬೇಕು, ಮನೇಲಿ ಶೌಚಾಲಯ ಇರಬೇಕು, ಕರೆಂಟ್ ಬಿಲ್, ಸಹಕಾರಿ ಸಾಲ ಬಾಕಿ ಇರಬಾರದು. ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು. ಅಲ್ಲಿ ವೋಟ್ ಹಾಕೋಕೆ ರಸೀದಿ ಬೇಡ, ನಿಲ್ಲೋಕೆ ಬೇಕು.

3️⃣ ವೋಟಿನ ವಯಸ್ಸು 21 ಇದ್ದಿದ್ದು 18ಕ್ಕೆ ಇಳಿದಿದ್ದು 1989ರಲ್ಲಿ, 61ನೇ ತಿದ್ದುಪಡಿಯಿಂದ. ಹಳೇ ರೂಲ್ ಇದ್ದಿದ್ರೆ 20 ವರ್ಷದ ನಾನು ಇನ್ನೂ ಕಾಯ್ತಾ ಇರ್ತಿದ್ದೆ.

ಮುಳಬಾಗಿಲಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರನ್ನ ನಾವು ಕಗ್ಗದ ಡಿವಿಜಿ ಅಂತ ಮಾತ್ರ ಓದ್ತೀವಿ. ಅವರು ವರ್ಷಗಟ್ಟಲೆ ಮೈಸೂರಿನ ನ್ಯಾಯವಿಧಾಯಕ ಸಭೆಯಲ್ಲಿ ಕೂತು, ಪ್ರಜೆ ಅಂದ್ರೆ ಯಾರು, ರಾಜ್ಯ ಅಂದ್ರೆ ಏನು ಅಂತ ಬರೆದವರೂ ಹೌದು. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಹೊಸದಲ್ಲ.

ಟ್ಯಾಕ್ಸ್ ಕಟ್ಟೋರಿಗೆ ಲೆಕ್ಕ ಕೇಳೋ ಹಕ್ಕಿದೆ, ಖಂಡಿತ ಇದೆ. ಆದ್ರೆ ರಸೀದಿ ಇಲ್ಲದವರಿಗೂ ಅಷ್ಟೇ ಹಕ್ಕಿದೆ. ಯಾಕಂದ್ರೆ ಕಾನೂನು ಮಾಡಿದ್ರೆ ಅದು ಎಲ್ಲರ ಮೇಲೂ ಬೀಳುತ್ತೆ. ರೇಷನ್ ಕಟ್ ಆದ್ರೆ, ಬೋರ್‌ವೆಲ್ ರೂಲ್ ಬದಲಾದ್ರೆ, ಬಸ್ ನಿಂತುಹೋದ್ರೆ, ಅದು ರಸೀದಿ ಕೇಳ್ಕೊಂಡು ಬರಲ್ಲ.

ಫಸ್ಟ್ ಇಯರ್, ಪಿಯುಸಿ ತಮ್ಮ ತಂಗಿಯರಿಗೆ: 17 ತುಂಬಿದ್ರೆ ಈಗಲೇ ನಮೂನೆ 6 ಹಾಕಬಹುದು. ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಈ ನಾಲ್ಕರಲ್ಲಿ ಯಾವ ದಿನಕ್ಕೆ 18 ಆಗುತ್ತೋ ಅದಕ್ಕೆ ಹೆಸರು ಸೇರುತ್ತೆ. ಈಗಾಗಲೇ ವೋಟಿರೋರು ಪಟ್ಟಿಯಲ್ಲಿ ಹೆಸರಿದೆಯಾ ಅಂತ ಒಂದ್ಸಲ ನೋಡಿ. ಅಮ್ಮ, ಅಜ್ಜಿ ಹೆಸರನ್ನೂ ನೋಡಿ, ಸ್ಪೆಲ್ಲಿಂಗ್ ಸಮೇತ.

ನಿಮ್ಮ ಮನೇಲಿ ಮೊದಲು ವೋಟ್ ಹಾಕಿದ್ದು ಯಾರು, ಯಾವ ವರ್ಷ? ಅಜ್ಜಿ ತಾತನ್ನ ಕೇಳಿ ಕಾಮೆಂಟಲ್ಲಿ ಬರೀರಿ. ಮುಂದಿನ ಸರಣಿ ಕೋಲಾರದ ಕೆರೆಗಳ ಮೇಲೆ. ಸೇವ್ ಮಾಡ್ಕೊಳ್ಳಿ, ಕ್ಲಾಸ್ ಗ್ರೂಪಿಗೆ ಹಾಕಿ 🙏

#ನಮ್ಮಕೋಲಾರ #ಮಾಲೂರು #ಮುಳಬಾಗಿಲು #ಶ್ರೀನಿವಾಸಪುರ #ಕೆಜಿಎಫ್ #ಮೈಸೂರುಸಂಸ್ಥಾನ #ಕನ್ನಡಇತಿಹಾಸ #ನನ್ನವೋಟು